ಬೋರ್ಡು ನೋಡಿ ಬಸ್ಸು ಹತ್ತಿದವಳು

ನಮ್ಮ ಹಿಂದೂಪುರದ ಕಾಲೇಜಿನಲ್ಲಿ ಆ ಬೇಸಿಗೆಯ ಕತೆಯನ್ನು ಈಗಲೂ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ವಿದ್ಯಾರ್ಥಿಗಳು ಹಳ್ಳಿಗೆ ಹೋದರಂತೆ, ಕತ್ತಲೆಯಲ್ಲಿದ್ದ ಮಕ್ಕಳ ಬಾಳಿನಲ್ಲಿ ಅಕ್ಷರದ ದೀಪ ಹಚ್ಚಿದರಂತೆ. ಇದಕ್ಕೆ ನನ್ನ ಆಕ್ಷೇಪ ಇದೆ. ಮೊದಲನೆಯದಾಗಿ, ಅಲ್ಲಿ ಕತ್ತಲೆಯೇ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಕಣ್ಣು ಬಿಡಲಾಗದಂಥ ಬಿಸಿಲು. ದೀಪ ಹಚ್ಚಿದ್ದರೆ ಅದು ಉರಿಯುತ್ತಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕಾಗುತ್ತಿತ್ತು. ಎರಡನೆಯದಾಗಿ, ರತ್ನಿ ಎಂಬ ಹುಡುಗಿ ಶಾಲೆ ಸೇರಿದ್ದು ನನ್ನ ಪಾಠದಿಂದಲ್ಲ, ನಾನು ತಪ್ಪು ಬಸ್ಸು ಹತ್ತಿದ್ದರಿಂದ. ಇದನ್ನು ಹೇಳಲು ಸಭೆಯಲ್ಲಿ ಎದ್ದು ನಿಂತಾಗಲೆಲ್ಲ ಯಾರಾದರೂ ಬಂದು ಕೊರಳಿಗೆ ಹಾರ ಹಾಕಿ ಕೂರಿಸಿಬಿಡುತ್ತಾರೆ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಅಮ್ಮ ಉಪ್ಪಿಟ್ಟು ಮಾಡಿದರೂ ಪರ ಮತ್ತು ವಿರೋಧ ಎರಡೂ ಕಡೆಯಿಂದ ಮಾತಾಡಿ, ಅಷ್ಟರಲ್ಲಿ ಅದು ಆರಿಹೋಗಿ, ಕೊನೆಗೆ ಆರಿದ್ದರ ಬಗ್ಗೆಯೂ ಮಾತಾಡುವವಳು. ಸೇವಾ ತಂಡಕ್ಕೆ ಸೇರಿದ್ದು ಕೂಡ ಅಂಥ ತಂಡಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ವಾದಿಸಲು ಹೋಗಿ. ಬಂದು ನೋಡಿ ಆಮೇಲೆ ಹೇಳು ಎಂದರು ತಂಡದವರು. ತಾರ್ಕಿಕವಾಗಿ ಅದಕ್ಕೆ ಉತ್ತರವಿರಲಿಲ್ಲ. ಹಾಗಾಗಿ ಬೇಸಿಗೆ ರಜೆಯಲ್ಲಿ ನಾವು ಕೆಲವರು ಕಲ್ಯಾಣದುರ್ಗದ ಒಂದು ಛತ್ರದಲ್ಲಿ ಉಳಿದು, ದಿನಾ ಬಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಹಳ್ಳಿಗೆ ಹೋಗಿ, ಶಾಲೆ ಬಿಟ್ಟ ಮಕ್ಕಳಿಗೆ ಓದು ಕಲಿಸತೊಡಗಿದೆವು. ನನ್ನ ಪಾಲಿಗೆ ಬಂದದ್ದು ಕುಂದುರ್ಪಿ ದಾರಿಯ ಒಂದು ಹಟ್ಟಿ. ಮಕ್ಕಳ ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ತೆಲುಗು, ಜಗಳದಲ್ಲಿ ಎರಡೂ.

ರತ್ನಿ ಮೂರನೇ ತರಗತಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವಳು. ಮರೆತ ಅಕ್ಷರಗಳೆಲ್ಲ ಅವಳಿಗೆ ಬೇಗನೆ ಮರಳಿ ಬಂದವು. ಜೂನ್‌ನಲ್ಲಿ ಕಲ್ಯಾಣದುರ್ಗದ ಹಾಸ್ಟೆಲ್ಲಿಗೆ ಸೇರಿಸಿಕೊಳ್ಳಲು ಅಲ್ಲಿಯವರು ಒಪ್ಪಿದ್ದರು. ಒಪ್ಪದವಳು ಅವಳ ಅಜ್ಜಿ ಹನುಮಕ್ಕ. ಅಪ್ಪ ಅಮ್ಮ ಕೂಲಿಗೆಂದು ದೂರ ಹೋಗಿದ್ದರಿಂದ ಮನೆಯ ಸುಪ್ರೀಂ ಕೋರ್ಟು ಅವಳೇ. ಈ ವರ್ಷ ತಪ್ಪಿದರೆ ಮುಂದೆ ವಯಸ್ಸು ಮೀರುತ್ತದೆ ಎಂದು ನಾನು ಗೋಗರೆದೆ. ಹನುಮಕ್ಕ ಎಲೆಅಡಿಕೆ ಮೆಲ್ಲುತ್ತ ಒಂದು ಷರತ್ತು ಹಾಕಿದಳು. ಭಾನುವಾರ ಬೆಳಿಗ್ಗೆ ಎಲ್ಲರ ಮುಂದೆ ಬಂದು ಹೇಳಬೇಕು, ಓದಿದ್ದರಿಂದ ಆದ ಒಂದೇ ಒಂದು ಉಪಯೋಗ, ಅವಳ ಕಣ್ಣಿಗೆ ಕಾಣುವಂಥದ್ದು. ಕಂಡರೆ ರತ್ನಿ ಹಾಸ್ಟೆಲ್ಲಿಗೆ, ಕಾಣದಿದ್ದರೆ ಕುರಿಗೆ.

ನನಗಾದ ಖುಷಿ ಹೇಳತೀರದು. ವಿಷಯವಿದೆ, ಸಭೆಯಿದೆ, ತೀರ್ಪುಗಾರರೂ ಇದ್ದಾರೆ! ಮಂಡನೆ, ಖಂಡನೆ, ಉಪಸಂಹಾರ ಎಲ್ಲ ಸಿದ್ಧಮಾಡಿಕೊಂಡು ಭಾನುವಾರ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿಗೆ ಬಂದು, 'ಕುಂದುರ್ಪಿ' ಎಂಬ ಬೋರ್ಡಿದ್ದ ಪ್ರೈವೇಟ್ ಬಸ್ಸು ಹತ್ತಿ, ಕಣ್ಣು ಮುಚ್ಚಿ ಭಾಷಣ ಒಪ್ಪಿಸಿಕೊಳ್ಳುತ್ತ ಕೂತೆ. ಕಣ್ಣು ಬಿಟ್ಟಾಗ ಬ್ರಹ್ಮಸಮುದ್ರ. ಆ ಬಸ್ಸಿಗೆ ಇದ್ದದ್ದು ಒಂದೇ ತಗಡಿನ ಬೋರ್ಡು, ಒಂದೊಂದು ಮಗ್ಗುಲಲ್ಲಿ ಒಂದೊಂದು ಊರು. ಡ್ರೈವರು ಅದನ್ನು ತಿರುಗಿಸುವುದು ಮನಸ್ಸು ಬಂದಾಗ. ಜಗಳಕ್ಕೆ ನಿಂತೆ. ಕಂಡಕ್ಟರು ನನ್ನನ್ನು ಕನಿಕರದಿಂದ ನೋಡಿ, "ಬೋರ್ಡ್ ನೋಡ್ಕೊಂಡು ಯಾರಮ್ಮಾ ಬಸ್ ಹತ್ತಾರೆ? ಕೇಳಿ ಹತ್ತಬೇಕು" ಎಂದ. ಬಸ್ಸಿನಲ್ಲಿದ್ದವರೆಲ್ಲ ನಿಜ ನಿಜ ಎಂದು ತಲೆಯಾಡಿಸಿದರು. ಅವರೆಲ್ಲ ಸರಿಯಾದ ಊರಿಗೇ ಬಂದಿದ್ದರು.

ವಾಪಸು ಅದೇ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಬಂದು, ಕೇಳಿಕೊಂಡು ಇನ್ನೊಂದು ಹತ್ತಿ, ಹಟ್ಟಿ ಮುಟ್ಟುವಾಗ ನಡುಮಧ್ಯಾಹ್ನ. ಹೊಂಗೆ ಮರದಡಿ ಊರೇ ಕೂತಿತ್ತು. ಹನುಮಕ್ಕ ತಡವಾದದ್ದಕ್ಕೆ ಕಾರಣ ಕೇಳಿದಳು. ಸುಳ್ಳು ಹೇಳಬಹುದಿತ್ತು, ಆದರೆ ನಾನು ಹತ್ತಿದ್ದನ್ನು ಕಂಡವರು ಆಗಲೇ ಬಂದು ಕೂತಿದ್ದರು.

"ಓದಾಕೆ ಬಂದಿದ್ಕೇ ಬ್ರಹ್ಮಸಮುದ್ರಕ್ಕೆ ಹೋಗ್ಬುಟ್ಯಲ್ಲ ಮೇಡಮ್ಮ" ಎಂದಳು ಹನುಮಕ್ಕ. "ನಾನು ಈಟು ವರ್ಸ್ದಾಗೆ ಒಂದಪಾನೂ ತಪ್ಪು ಬಸ್ ಹತ್ತಿಲ್ಲ ಕಣಮ್ಮ."

ಊರು ನಕ್ಕಿತು. ನನ್ನ ಮಂಡನೆ, ಖಂಡನೆ, ಉಪಸಂಹಾರ ಮೂರನ್ನೂ ಇನ್ನು ಯಾರೂ ಕೇಳುವ ಹಾಗಿರಲಿಲ್ಲ. ಹನುಮಕ್ಕ ಸೆರಗು ಕೊಡವಿ ಏಳುತ್ತ, ಕುರಿ ಬಿಡು ಹೋಗು ಎಂದು ಮೊಮ್ಮಗಳಿಗೆ ಸನ್ನೆ ಮಾಡಿದಳು. ರತ್ನಿ ಕದಲಲಿಲ್ಲ.

"ಅಕ್ಕ ಓದಿದ್ದು ಸರೀಗೇ ಐತೆ ಕಣಜ್ಜಿ. ತಪ್ಪು ಬೋರ್ಡಿಂದು" ಎಂದಳು. "ನಿನ್ ಮಡ್ಲಾಗಿದ್ದ ಮರೀಗೆ ಟಿಕೇಟು ಹರಿದ್ನಲ್ಲ ಅದೇ ಬಸ್ಸಿನ ಕಂಡಕ್ಟ್ರು, ಯಾಕಂದ್ರೆ ಅಗೋ ಅಲ್ಲಿ ಬರೆದೈತೆ ನೋಡು ಅಂತ ಬಸ್ಸೊಳಗೆ ತೋರ್ಸಿದ್ನಲ್ಲ. ಅದು ಬರೆದಿತ್ತಾ? ನೋಡಿದ್ಯಾ ನೀನು?"

ಆ ಕುರಿಮರಿಯ ಟಿಕೇಟು ಹಟ್ಟಿಯ ಹಳೇ ಗಾಯ ಎಂದು ಆಮೇಲೆ ತಿಳಿಯಿತು. ಹನುಮಕ್ಕ ನನ್ನ ಕಡೆ ತಿರುಗಿದಳು. ಜಗಳವಾಡುತ್ತ ಬಂದ ದಾರಿಯಲ್ಲಿ ಆ ಬಸ್ಸಿನೊಳಗಿನ ಬರಹವನ್ನೆಲ್ಲ ನಾನು ಓದಿ ಮುಗಿಸಿದ್ದೆ. ಇದ್ದದ್ದು ಎರಡೇ: ಕೈ, ತಲೆ ಹೊರಗೆ ಹಾಕಬೇಡಿ, ಬೀಡಿ ಸೇದಬೇಡಿ. ಕುರಿಮರಿಯ ಮಾತೇ ಇರಲಿಲ್ಲ. ಅದನ್ನೇ ಹೇಳಿದೆ.

ಹನುಮಕ್ಕ ಎಲೆಅಡಿಕೆಯನ್ನು ಪಕ್ಕಕ್ಕೆ ಉಗಿದಳು. "ಓದ್ಲಿ ಬಿಡು" ಎಂದಳು. "ಕುರೀಗೆ ನಾನೇ ಹೋಯ್ತೀನಿ. ಇಸ್ಕೂಲು ಸುರುವಾಗೋಗಂಟ ಇವ್ಳು ಓದ್ಕಂಡು ಕೂರ್ಲಿ, ಈ ಮೇಡಮ್ಮ ನನ್ ಜೊತೇಗೆ ಕುರೀಗ್ ಬರ್ಲಿ."

ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ರಜೆಯ ಉಳಿದ ದಿನಗಳಲ್ಲಿ ರತ್ನಿ ಮರದಡಿ ಚಿಕ್ಕ ಮಕ್ಕಳಿಗೆ ಓದಿ ಹೇಳುತ್ತಿದ್ದಳು. ನಾನು ಬಯಲಿನಲ್ಲಿ ಕುರಿಗಳ ಜೊತೆ ವಾದ ಮಾಡುತ್ತಿದ್ದೆ. ಅವು ಎದುರು ಪಕ್ಷದವರ ಹಾಗೆ ಮಾತು ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದವು.

ಜೂನ್‌ನಲ್ಲಿ ರತ್ನಿಯನ್ನು ಹಾಸ್ಟೆಲ್ಲಿಗೆ ಬಿಡಲು ಅಜ್ಜಿ ಬಂದ ದಿನವೇ ನಾನೂ ಊರಿಗೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಅದೇ ಬಸ್ಸು, ಅದೇ ತಗಡು. ರತ್ನಿ ಓದಿದಳು, ಯಾವೂರಿಗೆ ಹೋಗುತ್ತದೆಂದು ಕೇಳಿದಳು, ಬೋರ್ಡು ತಿರುಗಿಸಿ ಎಂದಳು. ಡ್ರೈವರು ನಕ್ಕ. ಹನುಮಕ್ಕ ಸೆರಗು ಬಿಗಿದು ಬಸ್ಸಿನ ಮುಂದೆ ನಿಂತಳು. ಡ್ರೈವರು ತೆಪ್ಪಗೆ ಇಳಿದು ತಿರುಗಿಸಿದ. ಅಷ್ಟಕ್ಕೆ ಬಿಡದೆ ಅವಳು ಕಂಡಕ್ಟರನ್ನು ಹಿಡಿದು ಕುರಿಮರಿಯ ವಿಚಾರಣೆ ಶುರುಮಾಡಿದಳು.

ಪಕ್ಕದಲ್ಲಿ 'ಹಿಂದೂಪುರ' ಎಂದು ದಪ್ಪಕ್ಷರದಲ್ಲಿ ಬರೆದ ಬಸ್ಸಿನಲ್ಲಿ ನಾನು ಕೂತಿದ್ದೆ. ಮೂರು ಭಾಷೆಗಳಲ್ಲಿ ಬಹುಮಾನ ಪಡೆದವಳು, ಇಳಿದು ಹೋಗಿ ಆ ಬೋರ್ಡನ್ನು ಎರಡು ಸಲ ಓದಿ ಬಂದಿದ್ದೆ. ಎಂಜಿನ್ ಗುರುಗುಟ್ಟಿತು. ಮುಂದೆ ನಿಂತಿದ್ದ ಕಂಡಕ್ಟರನ್ನು ಕೇಳಲು ಮಾನ ಅಡ್ಡಬಂತು. ಕಿಟಕಿಯಿಂದ, ಕೈ ತಲೆ ಎರಡನ್ನೂ ಹೊರಗೆ ಹಾಕಿ ಕೂಗಿದೆ:

"ಹನುಮಕ್ಕಾ, ಈ ಬಸ್ಸು ಹಿಂದೂಪುರಕ್ಕೇ ಹೋಗುತ್ತಾ?"