ಬೋರಮಾಳ ಸಿಗಲೆಂದು ಒಂದು ಜಗಳ

ಸಾಕ್ಷಿಯಿಲ್ಲದ ಮಾತನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ಮಾತಾಡಿ ಬೆಳೆದವಳು ನಾನು. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಈಗ ಬಿಡ್ತೇವ್ರಿ" ಅಂದರೆ, ಈಗ ಎಂದರೆ ಯಾವಾಗ ಎಂದು ವಾದಕ್ಕಿಳಿದು, ಅಷ್ಟರಲ್ಲಿ ಬಸ್ಸನ್ನೇ ಕಳೆದುಕೊಂಡಿದ್ದೂ ಉಂಟು. ಆದರೆ ಮೆದುಳಿನ ವಿಜ್ಞಾನದ ಮುಂದೆ ಮಾತ್ರ ಮೆತ್ತಗಾಗುತ್ತೇನೆ.

ಆ ವಿಜ್ಞಾನಕ್ಕೆ ಹೋದ ತಿಂಗಳು ನಮ್ಮ ಮನೆಯಲ್ಲೇ ಪರೀಕ್ಷೆ ಬಂತು. ಗೊಳಸಂಗಿಯ ಅತ್ತಿ, ಅಂದರೆ ಅಪ್ಪನ ಅಕ್ಕ, ಯುಗಾದಿಗೆ ಬಂದಾಗ ತನ್ನ ಬಂಗಾರದ ಬೋರಮಾಳ ಸರವನ್ನು ಜೋಪಾನವಾಗಿಡೆಂದು ಅವ್ವನಿಗೆ ಕೊಟ್ಟು ಹೋಗಿದ್ದಳು. ಮರುದಿನವೇ ನಾಲತವಾಡದಲ್ಲಿ ಅವಳ ಮಗಳ ಮದುವೆ. ಮದುಮಗಳ ಕೊರಳಿಗೆ ಸರ ಬೇಕೆಂದು ಅತ್ತಿ ಬಂದು ಕೈ ಚಾಚಿದರೆ, ಎಲ್ಲಿಟ್ಟೆನೆಂಬುದೇ ಅವ್ವನಿಗೆ ನೆನಪಿಲ್ಲ. ಜೋಳದ ಚೀಲ, ಹಾಸಿಗೆ ಎಲ್ಲ ಜಾಲಾಡಿದೆವು. ತೊಗರಿಬೇಳೆ ಡಬ್ಬಿಯೊಳಗೆ ಮೊಳಕೈವರೆಗೆ ಕೈ ಇಳಿಸಿದ ಅಪ್ಪ, ಹೋದ ವರ್ಷ ಕಳೆದಿದ್ದ ತನ್ನ ಕನ್ನಡಕವನ್ನು ಹೊರತೆಗೆದ.

"ಹಿಂಗ ಹುಡುಕಿದ್ರ ಸಿಗಾಂಗಿಲ್ಲ," ಎಂದು ನಾನು ಶುರು ಮಾಡಿದೆ. "ಮೆದುಳು ನೆನಪನ್ನಷ್ಟ ಬ್ಯಾರೆ ಇಡಾಂಗಿಲ್ಲ. ಅವತ್ತಿನ ಜಾಗ, ವಾಸನಿ, ಸಿಟ್ಟು ಎಲ್ಲಾ ಕೂಡಿಸಿ ಗಂಟು ಕಟ್ಟತೈತಿ. ಅದ ಪರಿಸ್ಥಿತಿ ಮತ್ತ ತಂದ್ರ ಗಂಟು ಬಿಚ್ಚಬಹುದು." ಸರ ಕೊಟ್ಟ ದಿನದ ಪರಿಸ್ಥಿತಿ ಎಲ್ಲರಿಗೂ ಗೊತ್ತಿತ್ತು. ಶೇಂಗಾ ಹೋಳಿಗೆ ದಪ್ಪವಾಯಿತೆಂದು ಅತ್ತಿ ಅಂದದ್ದಕ್ಕೆ ಅವ್ವ ಕೆರಳಿ, ಸಿಟ್ಟಿನಲ್ಲೇ ಸರ ಹಿಡಿದುಕೊಂಡು ಒಳಗೆ ನಡೆದಿದ್ದಳು. ಹಾಗಾಗಿ ಆ ಜಗಳವನ್ನು ಮತ್ತೊಮ್ಮೆ ಆಡಿಸುವುದೆಂದು ತೀರ್ಮಾನವಾಯಿತು. ಅಡುಗೆಮನೆಯಲ್ಲಿ ಶೇಂಗಾ ಹುರಿದೆವು. ಅಂದಿನಂತೆಯೇ ಅಪ್ಪ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತ.

ಅತ್ತಿ ಮೊದಮೊದಲು ನಾಚಿಕೊಂಡಳು. "ಶಾಂತಾ, ನಿನ್ನ ಹೋಳಿಗಿ ಸ್ವಲ್ಪ ದಪ್ಪ ಆಗ್ಯಾವ ಅಂದಿದ್ನಿ."

"ಸ್ವಲ್ಪ ಅಂದಿದ್ದಿಲ್ರಿ ಅಕ್ಕಾರ," ಅಂದಳು ಅವ್ವ. "ಚಕ್ಕಡಿ ಗಾಲಿ ಅಂದಿದ್ರಿ."

"ಚಕ್ಕಡಿ ಅಂದಿಲ್ಲ. ಟ್ರ್ಯಾಕ್ಟರ್ ಗಾಲಿ ಅಂದಿದ್ನಿ."

"ಪೂರಾ ತಿಂದು ಮುಗಿಸಿದ ಮ್ಯಾಲೆ ಅಂದ್ರಿ."

"ತಿಂದಿದ್ದು ನಿನ್ನ ಮಾರಿ ನೋಡಿ. ಇಲ್ಲಾಂದ್ರ ನಾಯಿನೂ ಮೂಸ್ತಿದ್ದಿಲ್ಲ."

ಅಲ್ಲಿಗೆ ನಾಟಕ ಮುಗಿದು ಜಗಳ ಹತ್ತಿತು. ಸಮಯ ಮುಗಿಯಿತೆಂದು ನಾನು ಲೋಟಕ್ಕೆ ಚಮಚ ಬಡಿದೆ, ಯಾರೂ ಕಿವಿಗೊಡಲಿಲ್ಲ. ಮಾತು ನಾನು ಹುಟ್ಟಿದಾಗ ಅವ್ವನಿಗಾದ ಬಾಣಂತನದ ಕಾಲಕ್ಕೆ ಹೋಗಿ, ಯಾರು ಯಾರಿಗೆ ಬಿಸಿನೀರು ಕಾಸಲಿಲ್ಲ ಎಂಬಲ್ಲಿಗೆ ಬಂದಾಗ, ಅವ್ವ ಸರ್ರನೆ ತಿರುಗಿ ಪಡಸಾಲೆ ದಾಟಿ ನನ್ನ ಕೋಣೆಗೆ ನುಗ್ಗಿದಳು. ನನ್ನ ಖಾಲಿ ಕುರ್ಚಿಯ ಮುಂದೆ ಮುಷ್ಟಿ ಚಾಚಿ ನಿಂತಳು. ಆಮೇಲೆ ಹಿಂದೆ ಓಡಿಬಂದ ನನ್ನ ಕಡೆ ನೋಡಿದಳು.

"ನಿನ್ನ ಕೈಯಾಗ ಕೊಟ್ಟಿದ್ನಿ. ನೀ ಹ್ಞೂಂ ಅಂದಿದ್ದಿ."

ನನ್ನ ಸಿದ್ಧಾಂತ ಗೆದ್ದಿತ್ತು. ಫಲಿತಾಂಶ ಮಾತ್ರ ನನಗೆ ಒಪ್ಪಿಗೆಯಿರಲಿಲ್ಲ. "ಇದಕ್ಕ ಸಾಕ್ಷಿ ಏನೈತಿ? ಪ್ರತಿ ಸಲ ನೆನಸಿಕೊಂಡಾಗೂ ಮೆದುಳು ನೆನಪನ್ನ ತಿದ್ದಬಹುದು," ಅಂದೆ.

"ಆಗ ಒಂದು ವಿಜ್ಞಾನ, ಈಗ ಇನ್ನೊಂದು," ಅಂದಳು ಅತ್ತಿ. "ವಕೀಲಬಾಯಿ, ಅವತ್ತ ನೀ ಏನ್ ಮಾಡಾಕತ್ತಿದ್ದಿ?"

"ಇಯರ್‌ಫೋನ್ ಹಾಕ್ಕೊಂಡು ಮೊಬೈಲ್ ನೋಡಾಕತ್ತಿದ್ಳು," ಎಂದು ಅಪ್ಪ ಅಂದಿನ ಏಕೈಕ ಮಾತಾಡಿದ.

ಅತ್ತಿ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೊಬೈಲ್ ಕೊಟ್ಟಳು. ಪ್ರಯೋಗಕ್ಕೆ ಕೂತವರಿಗೆ ಪ್ರಯೋಗದ ಸುಳಿವಿರಬಾರದು, ಆದ್ದರಿಂದ ಇದು ಅಸಿಂಧು ಎಂದು ವಾದಿಸಿದೆ. ಯಾರೂ ಎದುರಾಡದೆ ಹೊರಗೆ ಹೋದರು. ಎದುರಾಳಿಯಿಲ್ಲದ ವಾದ ಎಷ್ಟು ಹೊತ್ತು ನಡೆದೀತು? ಅರ್ಧಕ್ಕೆ ಬಿಟ್ಟಿದ್ದ ಮೆದುಳಿನ ಉಪನ್ಯಾಸವೊಂದನ್ನು ಹಚ್ಚಿದೆ. ಗಮನ ಕೊಡದ್ದು ನೆನಪಿನಲ್ಲಿ ಉಳಿಯುವುದೇ ಕಷ್ಟ, ಆದರೆ ಕೈಯ ರೂಢಿ ನಮ್ಮ ಅಪ್ಪಣೆ ಕೇಳದೆ ನಡೆಯುತ್ತದೆ ಎಂದು ಉಪನ್ಯಾಸಕರು ಬಹಳ ಸೊಗಸಾಗಿ ವಿವರಿಸುತ್ತಿದ್ದರು. ನಾನು ತಲೆದೂಗುತ್ತಿದ್ದೆ.

ನಗು ಕೇಳಿ ಕತ್ತೆತ್ತಿದರೆ ಮೂವರೂ ಪಕ್ಕದಲ್ಲೇ ನಿಂತಿದ್ದರು. ನನ್ನ ಬಲಗೈ, ಹಿಂದಿನ ಗೋಡೆಯ ಮಾಡದಲ್ಲಿದ್ದ ಚರ್ಚಾಸ್ಪರ್ಧೆಯ ಬಹುಮಾನದ ಕಪ್ಪಿನೊಳಗಿತ್ತು. ಅವ್ವ ಕೈಗಿತ್ತ ನಿಂಬೆಹಣ್ಣನ್ನು, ತಿರುಗಿಯೂ ನೋಡದೆ ಅದರಲ್ಲಿ ಹಾಕಿದ್ದೆನಂತೆ. ಹ್ಞೂಂ ಕೂಡ ಅಂದಿದ್ದೆನಂತೆ. ಅತ್ತಿ ನಿಂಬೆಹಣ್ಣು ತೆಗೆದು, ಅದರಡಿಯ ಬಸ್ ಟಿಕೆಟು, ಪೆನ್ನಿನ ಮುಚ್ಚಳಗಳನ್ನು ಸರಿಸಿ, ಬೋರಮಾಳ ಎತ್ತಿದಳು.

"ನೋಡ್ರಿ, ನಾ ಹೇಳಿದ್ದ ಖರೆ ಆತು," ಎಂದೆ, ಇನ್ನಾದರೂ ವಿಜ್ಞಾನಕ್ಕೆ ಮರ್ಯಾದೆ ಸಿಗಲೆಂದು.

"ಖರೆ ಆತವಾ. ಎಲ್ಲಾರಿಗೂ ಹೇಳ್ತೇನಿ," ಅಂದಳು ಅತ್ತಿ.

ಹೇಳಿದಳು ಕೂಡ. ಮರುದಿನ ನಾಲತವಾಡದಲ್ಲಿ ಅಕ್ಷತೆಯ ತಟ್ಟೆ ಸಾಲುಸಾಲಾಗಿ ನನ್ನ ತನಕ ಬಂತು, ಹಿಡಿದವರು ನನ್ನ ಮುಖ ನೋಡಿದರು, ತಟ್ಟೆ ನನ್ನ ಕೈಗೆ ಬಾರದೆ ಪಕ್ಕದವರಿಗೆ ಹೋಯಿತು.