ಓಗೊಡುವ ಡಗ್ಗಾ

ತಬಲಾ ಕಲಿಯಬೇಕೆನ್ನುವವರು ಆಗಾಗ ನನ್ನ ಬಳಿ ಸಲಹೆ ಕೇಳಲು ಬರುತ್ತಾರೆ. ನಾನು ಅಂಥ ದೊಡ್ಡ ವಾದಕನೇನಲ್ಲ. ಭಜನೆಯಲ್ಲಿ ಹಾಡುವವರು ನನ್ನನ್ನು ಹಿಂದೆ ಬಿಟ್ಟು ಓಡದಿದ್ದರೆ ಅದೇ ನನ್ನ ಪುಣ್ಯ. ಆದರೆ ಸಲಹೆ ಕೊಡುವುದಕ್ಕೆ ವಿದ್ಯೆ ಬೇಕಾಗಿಲ್ಲವಷ್ಟೆ. ಬೆನ್ನು ನೆಟ್ಟಗಿರಲಿ, ಮಣಿಕಟ್ಟು ಸಡಿಲವಾಗಿರಲಿ, ಲಯ ಕೈಗೆ ಕೂರುವವರೆಗೆ ನಿಧಾನವಾಗಿ ಬಾರಿಸಿ, ಬೆವರಿದ ಕೈ ಒರೆಸಿಕೊಳ್ಳದೆ ಚರ್ಮ ಮುಟ್ಟಬೇಡಿ ಎನ್ನುತ್ತೇನೆ. ಇದನ್ನೆಲ್ಲ ಯಾರಾದರೂ ಹೇಳುತ್ತಾರೆ. ಖಾಲಿ ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡಬೇಡಿ ಎಂದು ಹೇಳುವವನು ಮಾತ್ರ ನಾನೊಬ್ಬನೇ. ಏಕೆಂದು ಕೇಳಿದವರಿಗೆ ಎಪ್ಪತ್ತರ ದಶಕದ ಆಲಮಟ್ಟಿಯ ಕಥೆ ಹೇಳಬೇಕಾಗುತ್ತದೆ.

ಆಗ ನಾನು ಅಣೆಕಟ್ಟಿನ ಕೆಲಸ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಕಾರಕೂನ. ಕಾಲೊನಿಯ ಕೊನೆಯಲ್ಲಿ ಕಲ್ಲಿನ ಗೋಡೆಯ ಮನೆ ಸಿಕ್ಕಿತ್ತು. ಹೆಂಡತಿ ಗಿರಿಜಾ ಚೊಚ್ಚಲ ಹೆರಿಗೆಗೆಂದು ಗೊಳಸಂಗಿಯ ತವರಿಗೆ ಹೋದಳು. ಅವಳು ಹೋದ ಮೇಲೆ ಮನೆ ಎಷ್ಟು ಖಾಲಿಯಾಯಿತೆಂದರೆ, ನಾನು ಕೆಮ್ಮಿದರೆ ಪಡಸಾಲೆಯಲ್ಲಿ ಇನ್ನೊಬ್ಬ ಕೆಮ್ಮುತ್ತಿದ್ದ. ಹೊತ್ತು ಹೋಗಲೆಂದು ತಬಲಾ ಕಲಿಯಲು ಹೊರಟೆ. ಗುರುಗಳು ತಾಳಿಕೋಟೆಯ ಚನ್ನಮಲ್ಲಪ್ಪ ಮಾಸ್ತರು, ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಬಾರಿಸಿ ಹೆಸರಾದವರು. ರವಿವಾರ ಬಂತೆಂದರೆ ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ಅವರಲ್ಲಿಗೆ ಹೋಗುತ್ತಿದ್ದೆ. ಅವರೇ ಹಳೆಯ ಜೋಡಿಯೊಂದನ್ನು ಕೊಡಿಸಿದರು: ಬಲಗೈಗೆ ಮರದ ತಬಲಾ, ಎಡಗೈಗೆ ದುಂಡು ಹೊಟ್ಟೆಯ ತಾಮ್ರದ ಡಗ್ಗಾ. "ತಮ್ಮಾ, ಬಲಗೈ ಯಾರರೆ ಕಲೀತಾರ. ಡಗ್ಗಾ ಮಾತಾಡಬೇಕು ನೋಡು, ಆವಾಗ ತಬಲಾ ಬಂತು ಅನ್ನು," ಎಂದರು. ನನ್ನ ಕೈಯಲ್ಲಿ ಅದು ಮಾತಾಡುವುದಿರಲಿ, ನರಳುತ್ತಲೂ ಇರಲಿಲ್ಲ.

ಅದು ಮೊದಲ ಸಲ ಮಾತಾಡಿದ್ದು ನಾನು ಮುಟ್ಟದೆ ಇದ್ದಾಗ. ಹಬ್ಬದ ರಜೆ, ಸುಡುವ ಮಧ್ಯಾಹ್ನ. ಅಭ್ಯಾಸ ಮುಗಿಸಿ ಅಡುಗೆಮನೆಯಲ್ಲಿ ಸ್ಟೋ ಹೊತ್ತಿಸಲು ಹೆಣಗುತ್ತಿದ್ದೆ. ಪಡಸಾಲೆಯಿಂದ 'ಗುಂ' ಎಂದಿತು. ಯಾರೋ ಬೆರಳ ತುದಿಯಿಂದ ಮೆಲ್ಲಗೆ ಒತ್ತಿದ ಹಾಗೆ. ಅಣೆಕಟ್ಟಿನ ಕಡೆ ಬಂಡೆ ಸಿಡಿಸುತ್ತಿರಬೇಕು ಅಂದುಕೊಂಡೆ. ರಜೆಯ ದಿನ ಸಿಡಿಸುವುದಿಲ್ಲವೆಂದು ಆಮೇಲೆ ನೆನಪಾಯಿತು. ಹೋಗಿ ನೋಡಿದರೆ ಯಾರೂ ಇಲ್ಲ, ಬಾಗಿಲಿಗೆ ಒಳಗಿನಿಂದ ಹಾಕಿದ ಅಗಳಿ ಹಾಗೆಯೇ ಇದೆ. "ಯಾರದು?" ಎಂದೆ. 'ಗುಂ' ಎಂದಿತು. "ಯಾರ ಅದಾರ ಒಳಗ?" ಎಂದೆ. ಮತ್ತೆ 'ಗುಂ'. ನನ್ನ ಕಣ್ಣೆದುರೇ, ಯಾವ ಕೈಯೂ ಇಲ್ಲದೆ. ಬಾರಿಸುವಾಗ ಕೈಗೆ ಹಚ್ಚಿಕೊಂಡಿದ್ದ ಪೌಡರಿನ ಕಣಗಳು ಅದರ ಚರ್ಮದ ಮೇಲೆ ಉಳಿದಿದ್ದವು, ಅವು ಸಣ್ಣಗೆ ನಡುಗಿದವು. ಮಾಸ್ತರರ ಕೈಯಲ್ಲಿ ಮಾತ್ರ ಕೇಳಿದ್ದ ತುಂಬು ನಾದ ಅದು. ಹೆದರಿಕೆಯ ನಡುವೆಯೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ದಪ್ಪ ಜಮಖಾನೆ ತಂದು ಹೊದಿಸಿದೆ. ಕೂಡಲೇ ಸುಮ್ಮನಾಯಿತು. ಆದರೆ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡವರ ಹಾಗೆ ಅದು ಮೂಲೆಯಲ್ಲಿ ಕೂತದ್ದನ್ನು ನೋಡುವುದು ಇನ್ನೂ ಕಷ್ಟವಾಯಿತು. ಅಂದು ಹೊರಗಿನ ಕಟ್ಟೆಯ ಮೇಲೆ ಬಾಳೆಹಣ್ಣು ತಿಂದು ಊಟ ಮುಗಿಸಿದೆ.

ಬುದ್ಧಿ ಇದ್ದವನಾದರೆ ಇದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿದ್ದ. ನಾನು ಮಗಳು ಹುಟ್ಟಿದಳೆಂದು ಗೊಳಸಂಗಿಗೆ ಹೋದವನು ಬಾಣಂತಿಯ ಮುಂದೆಯೇ ಎಲ್ಲ ಬಣ್ಣಿಸಿದೆ. ಗಿರಿಜಾ ಕೂಸನ್ನು ಎದೆಗೆ ಅವಚಿಕೊಂಡಳು.

"ಆ ಮನಿಗೆ ನಾ ಮಗಳನ್ನ ಕಳಸೂದಿಲ್ರಿ," ಎಂದರು ಅತ್ತೆ.

"ಜಮಖಾನಿ ಹೊಚ್ಚಿದರ ಸುಮ್ಮ ಆಗತೈತ್ರಿ ಅತ್ತಿ," ಎಂದೆ.

"ಬಾಯಿ ಮುಚ್ಚಿದರ ಒಳಗಿದ್ದದ್ದು ಹೋಗತೈತೇನ್ರಿ?"

ಗಿರಿಜಾ ನನ್ನ ಮುಖ ನೋಡದೆ, "ಅದನ್ನ ಯಾರಿಗರೆ ಕೊಟ್ಟುಬಿಡ್ರಿ. ಇಲ್ಲಾ ನನಗ ಬಾ ಅನಬ್ಯಾಡ್ರಿ," ಎಂದಳು. ಅವಳು ನಿಜವಾಗಿಯೂ ಹೆದರಿದ್ದಳು. ತಿಂಗಳುಗಳು ಕಳೆದರೂ ಅವಳು ಬರಲಿಲ್ಲ. ಕೂಸಿಗೆಂದು ಕೊಂಡ ತೊಟ್ಟಿಲು ಮುಸುಕು ಹಾಕಿಕೊಂಡ ಡಗ್ಗಾದ ಪಕ್ಕದಲ್ಲಿ ಖಾಲಿ ನಿಂತಿತ್ತು. ಕಡೆಗೆ, ತಬಲಾ ಬಿಡುತ್ತೇನೆಂದು ಮಾಸ್ತರರಿಗೆ ಹೇಳಿದೆ. ನಡೆದದ್ದನ್ನೆಲ್ಲ ನನ್ನ ಬಾಯಿಂದ ಕೇಳಿದ ಅವರು ಕೈಚೀಲ ಹಿಡಿದು ನನ್ನ ಜೊತೆಗೇ ಬಸ್ಸು ಹತ್ತಿದರು.

ಮನೆಗೆ ಬಂದು ಜಮಖಾನೆ ತೆಗೆದು ಡಗ್ಗಾದ ಎದುರು ಕೂತರು. "ಒಬ್ಬನ ಇದ್ದಾಗ ಏನ್ ಮಾಡ್ತಿ?"

"ಏನೂ ಇಲ್ರಿ, ಸುಮ್ಮ ಇರ್ತೇನಿ."

"ಹಂಗಾರ ಚಾ ಮಾಡು ಹೋಗು."

ಸ್ಟೋ ಎಂದಿನಂತೆ ಹತ್ತಲಿಲ್ಲ. ಪಡಸಾಲೆಯಲ್ಲಿ 'ಗುಂ' ಎಂದಿತು. ಓಡಿ ಬಂದರೆ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. "ಸುಮ್ಮ ಇರೂದಂದ್ರ ಇದೇನೋ ತಮ್ಮಾ? ಈ ಬತ್ತಿ ಸುಡ್ಲಿ, ಈ ಎಣ್ಣಿ ಸುಡ್ಲಿ, ಅತ್ತಿ ಹಟಾ ಸುಡ್ಲಿ ಅಂತ ಒಂದ ಸವನ ಗೊಣಗಾಕತ್ತಿದ್ದಿ! ನಿನ್ನ ದನಿ ದಪ್ಪ, ಡಗ್ಗಾದ ದನೀನೂ ಅದ. ಖಾಲಿ ಮನಿ, ಕಲ್ಲಿನ ಗ್ವಾಡಿ. ನೀ ಅಂದರ ಅದೂ ಅಂತೈತಿ. ಯಾರ ಅದಾರ ಅಂತ ಕೇಳಿದೆಲ್ಲಾ, ನೀನ ಇದ್ದಿ!"

ಅವರು ಡಗ್ಗಾವನ್ನು ಬಗಲಲ್ಲಿಟ್ಟುಕೊಂಡು ಗೊಳಸಂಗಿಗೂ ಬಂದರು. ಅದರ ಹತ್ತಿರ ಬಾಯಿಟ್ಟು ದಪ್ಪ ದನಿಯಲ್ಲಿ 'ಹೂಂ' ಎಂದರು, ಅದೂ ಎಂದಿತು. ಅತ್ತೆ ತಾವೂ ಒಮ್ಮೆ ಅಂದು ನೋಡಿದರು. ಗಿರಿಜಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಏನೆಂದು ಗೊಣಗುತ್ತಿದ್ದೆನೆಂಬುದನ್ನು ಮಾತ್ರ ಮಾಸ್ತರರು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟರು. ಆ ವಾರವೇ ಹೆಂಡತಿ, ಮಗಳು ಇಬ್ಬರೂ ಮನೆಗೆ ಬಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ರಜೆಯ ಮಧ್ಯಾಹ್ನ ಗಿರಿಜಾ ನಳದ ನೀರಿಗೆ ಹೋಗಿದ್ದಳು. ಕೂಸು ನನ್ನ ತೊಡೆಯ ಮೇಲೆ ನಿದ್ದೆಯಲ್ಲಿತ್ತು. ಎಲ್ಲಿ ಎದ್ದುಬಿಡುತ್ತದೋ ಎಂದು ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ. ಗಾಳಿ ಅಲುಗುತ್ತಿರಲಿಲ್ಲ. ಡಗ್ಗಾ 'ಗುಂ' ಎಂದಿತು. ತುಟಿ ಮುಟ್ಟಿ ನೋಡಿಕೊಂಡೆ, ಮುಚ್ಚಿದ್ದವು. ಸ್ವಲ್ಪ ತಡೆದು ಇನ್ನೊಮ್ಮೆ, ಈ ಸಲ ಯಾರನ್ನೋ ಕರೆಯುವಂತೆ ದನಿ ಎಳೆದು. ಕೂಸು ಕಣ್ಣು ತೆರೆದು, ಆ ಮೂಲೆಯನ್ನು ನೋಡಿ, ಗುರುತಿನವರನ್ನು ಕಂಡಂತೆ ನಕ್ಕಿತು.

ಗಿರಿಜಾಗೆ ಹೇಳಲಿಲ್ಲ, ಹೇಳಿದ್ದರೆ ಮತ್ತೆ ಗೊಳಸಂಗಿ. ಅಂದಿನಿಂದ ಮನೆಯಲ್ಲಿರುವಷ್ಟು ಹೊತ್ತೂ ನಾನು ಬಾಯಿಬಿಟ್ಟು ಗೊಣಗುತ್ತಲೇ ಇರುತ್ತೇನೆ. ಡಗ್ಗಾ ಏನಾದರೂ ಅಂದರೆ, ಅಂದದ್ದು ನನ್ನ ಮಾತಿಗೇ ಎಂದು ನಂಬಲು ಅನುಕೂಲವಾಗಬೇಕಲ್ಲ. ಮನೆಯವರು ನನಗೆ ವಯಸ್ಸಾಯಿತು ಅಂದುಕೊಂಡಿದ್ದಾರೆ. ಅವರನ್ನು ತಿದ್ದಲು ನಾನು ಹೋಗಿಲ್ಲ.