ಫುಟ್‌ಬಾಲ್ ತಂಡದ ದೋಬಿ ಪುಸ್ತಕ

ತಿಳಿಯದ ಕೆಲಸಕ್ಕೆ ಕೈ ಹಾಕಿದವರು ಅದರಲ್ಲಿ ತಮಗೆ ತಿಳಿದ ಮೂಲೆಯೊಂದನ್ನು ಹುಡುಕಿಕೊಂಡು ಅಲ್ಲೇ ಕೂತುಬಿಡುತ್ತಾರೆ. ಪರಿಚಯವಿಲ್ಲದವರ ಮದುವೆಮನೆಯಲ್ಲಿ ಅಡುಗೆಕೋಣೆ ಹೊಕ್ಕು ಹೀರೇಕಾಯಿ ಹೆರೆಯುತ್ತಾ ಕೂರುವ ಹಾಗೆ. ನಾನೂ ಅಂಥವಳೇ.

ಮಿಲ್ ಕ್ರೀಕಿನ ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರೆ ಒಂದು ಚಿಕ್ಕ ಕಾಲೇಜು. ಮಂಗಳವಾರಗಳಂದು ಅಲ್ಲಿನ ಲೈಬ್ರರಿಯಲ್ಲಿ ನಾನು ವಾಲಂಟಿಯರ್. ನೂರು ವರ್ಷಕ್ಕೂ ಹಿಂದೆ ಆ ಕಾಲೇಜಿನ ಫುಟ್‌ಬಾಲ್ ತಂಡದ ಮ್ಯಾನೇಜರ್ ಒಂದು ಸೀಸನ್ ಪೂರ್ತಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಟೈಪ್ ಮಾಡಲು ಲೈಬ್ರೇರಿಯನ್ ಕ್ಯಾಥಿ ನನಗೆ ಕೊಟ್ಟರು. ಈ ದೇಶದ ಫುಟ್‌ಬಾಲ್ ನನಗೆ ಇಪ್ಪತ್ತೆರಡು ವರ್ಷದಿಂದಲೂ ಅರ್ಥವಾಗಿಲ್ಲ. ಒಬ್ಬ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತಾನೆ, ಎಲ್ಲರೂ ಅವನ ಮೇಲೆ ಬೀಳುತ್ತಾರೆ, ಆಮೇಲೆ ಎದ್ದು ಮೀಟಿಂಗ್ ಮಾಡುತ್ತಾರೆ. ಹಾಗಾಗಿ ಆಟದ ಪುಟಗಳನ್ನು ಆಮೇಲೆ ನೋಡಿಕೊಳ್ಳೋಣವೆಂದು, ಹಿಂಬದಿಯಲ್ಲಿದ್ದ ಒಗೆತದ ಪಟ್ಟಿಗೆ ಕೈ ಹಾಕಿದೆ. ಪ್ರತಿ ಸೋಮವಾರ ಯಾರ ಅಂಗಿ ಒಗೆಯಲು ಹೋಯಿತು, ಯಾರ ಮೊಣಕೈ ಹರಿದಿತ್ತು, ಎಲ್ಲ ಅದರಲ್ಲಿತ್ತು. ಮೈಸೂರಿನಲ್ಲಿ ದೋಬಿಗೆ ಬಟ್ಟೆ ಹಾಕುವಾಗ ಅಮ್ಮ "ಪಂಚೆ ಎರಡು, ದಿಂಬಿನ ಚೀಲ ನಾಲ್ಕು" ಎನ್ನುತ್ತಾ ನನ್ನ ಕೈಯಲ್ಲಿ ಬರೆಸುತ್ತಿದ್ದ ಪುಸ್ತಕವೂ ಥೇಟ್ ಹೀಗೇ. ಮೂರು ಮಂಗಳವಾರ ಹೋದದ್ದೇ ತಿಳಿಯಲಿಲ್ಲ.

ನಾಲ್ಕನೆಯ ಮಂಗಳವಾರ ಎಂಬತ್ತರ ಆಸುಪಾಸಿನ ಡೊರೊತಿ ಎಂಬವರು ಬಂದರು. ಅವರ ತಾತ ಕ್ಲಾರೆನ್ಸ್ ಆ ತಂಡದಲ್ಲಿದ್ದರಂತೆ.

"ನಾನೂ ಆಡಿದ್ದೆ ಅಂತ ತಾತ ಸಾಯೋವರೆಗೂ ಹೇಳ್ತಿದ್ದರು. ಮನೆಯಲ್ಲಿ ಯಾರೂ ನಂಬಲಿಲ್ಲ. ನಾನೂ ನಕ್ಕಿದ್ದೆ," ಎಂದರು. "ಒಂದು ಸಲವಾದರೂ ಆಡಿದ್ದರಾ, ನೋಡಬೇಕು."

ಕ್ಯಾಥಿ ನನ್ನ ಕಡೆ ತಿರುಗಿದರು. "ಆಟದ ಪುಟಗಳು ಎಲ್ಲಿ?"

"ಇನ್ನೂ ಮುಟ್ಟಿಲ್ಲ."

"ಮತ್ತೆ ಮೂರು ವಾರ ಏನು ಮಾಡಿದಿರಿ?"

"ಬಟ್ಟೆ ಒಗೆದೆ."

ಕ್ಯಾಥಿ ತಾವೇ ನೋಟ್‌ಬುಕ್ ತೆರೆದರು. ಆಟದ ಪುಟಗಳಲ್ಲಿದ್ದದ್ದು ಅಂಕಗಳು, ಅಂಕ ಗಳಿಸಿದವರ ಹೆಸರುಗಳು, ಅಷ್ಟೇ. ಕ್ಲಾರೆನ್ಸ್ ಎಲ್ಲೂ ಇರಲಿಲ್ಲ. ಡೊರೊತಿ ಬ್ಯಾಗಿನ ಜಿಪ್ ಎಳೆದುಕೊಂಡು ಎದ್ದರು. ಆಗ ನಾನು ಸಂಕೋಚದಿಂದಲೇ ನನ್ನ ಹಾಳೆ ಮುಂದಿಟ್ಟೆ. ಆರು ಸೋಮವಾರವೂ ಒಂದೇ ಸಾಲು: "ಕ್ಲಾರೆನ್ಸ್, ಸ್ವಚ್ಛವಾಗಿದೆ, ಒಗೆಯುವುದು ಬೇಡ." ಏಳನೆಯದು, ಸೀಸನ್ನಿನ ಕೊನೆಯದು: "ಕ್ಲಾರೆನ್ಸ್, ಕಾಲರಿನವರೆಗೂ ಕೆಸರು. ಎಡತೋಳು ಹರಿದಿದೆ. ಎರಡು ಸಲ ಒಗೆಯಬೇಕು."

ಡೊರೊತಿ ಅದನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಆಡದೆ ಬೆಂಚಿನ ಮೇಲೆ ಕೂತವರ ಅಂಗಿ ತೋಳು ಹರಿಯಲ್ಲ, ಅಲ್ವಾ?"

"ಖಂಡಿತ ಇಲ್ಲ," ಎಂದೆ. ಆ ಆಟದ ಬಗ್ಗೆ ನಾನು ಧೈರ್ಯವಾಗಿ ಆಡಿದ ಮೊದಲ ಮಾತು ಅದು.

ಅವರು ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದರು. ನಾನು ಮನಸ್ಸಿನಲ್ಲೇ ಅದರಲ್ಲಿ ಅರ್ಧವನ್ನು ಆ ಮ್ಯಾನೇಜರನಿಗೆ ದಾಟಿಸಿದೆ. ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ ಒಂದು ಸೋಮವಾರವನ್ನೂ ಬಿಡದೆ ಬರೆದ ಪುಣ್ಯಾತ್ಮ. ಉಳಿದದ್ದು ಅಮ್ಮನಿಗೆ.

ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದ್ಸರಿ, ಆ ಕೊನೇ ಮ್ಯಾಚ್ ಯಾರು ಗೆದ್ರು?" ಎಂದರು.

ನೋಡಿಯೇ ಇರಲಿಲ್ಲ.

"ಅದು ಗೊತ್ತಿಲ್ಲ ರೀ," ಎಂದೆ. "ಆದ್ರೆ ಪಟ್ಟಿ ಕೊನೇಲಿ ಬರೆದಿದೆ, ಎರಡನೇ ಸಲ ಒಗೆದ್ಮೇಲೆ ಕೆಸರು ಪೂರ್ತಿ ಹೋಯ್ತಂತೆ."